ಊರಿಗೆ ಗೊತ್ತಿರುವ ಹೆಸರು ಊರಾಚೆಗೂ ತಲುಪಲಿ: ಉದ್ಯೋಗ ಅರಸುವ ವಿದ್ಯಾರ್ಥಿಗಳ ವೈಯಕ್ತಿಕ ಗುರುತು

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)

ಪೀಠಿಕೆ

ಪ್ರತಿ ವರ್ಷ ಪರೀಕ್ಷಾ ಫಲಿತಾಂಶಗಳು ಪ್ರಕಟವಾದ ಬಳಿಕ ಗ್ರಾಮ ಪಂಚಾಯಿತಿ ಸದಸ್ಯರ ಮನೆ ಬಾಗಿಲಿಗೆ ಒಂದು ಕೋರಿಕೆ ತಪ್ಪದೆ ಬರುತ್ತದೆ: "ನಮ್ಮ ಹುಡುಗ ಓದು ಮುಗಿಸಿದ್ದಾನೆ, ಎಲ್ಲಾದರೂ ಒಂದು ಕೆಲಸಕ್ಕೆ ಹೇಳಿ ನೋಡಿ." ಸದಸ್ಯರು ತಮಗೆ ಪರಿಚಯವಿರುವ ಒಬ್ಬಿಬ್ಬರಿಗೆ ದೂರವಾಣಿ ಕರೆ ಮಾಡುತ್ತಾರೆ. ಆ ಕಡೆಯಿಂದ ಬರುವ ಮೊದಲ ಪ್ರಶ್ನೆ, "ಅವನಿಗೆ ಏನು ಕೆಲಸ ಬರುತ್ತದೆ?" ಈ ಪ್ರಶ್ನೆಗೆ ಸದಸ್ಯರ ಬಳಿಯಾಗಲಿ, ಹುಡುಗನ ತಂದೆಯ ಬಳಿಯಾಗಲಿ, ಎಷ್ಟೋ ವೇಳೆ ಆ ಹುಡುಗನ ಬಳಿಯೇ ಆಗಲಿ ಸ್ಪಷ್ಟ ಉತ್ತರವಿರುವುದಿಲ್ಲ. "ಒಳ್ಳೆಯ ಹುಡುಗ, ಡಿಗ್ರಿ ಆಗಿದೆ" ಎಂಬಲ್ಲಿಗೆ ಮಾತು ಮುಗಿಯುತ್ತದೆ; ಕೆಲಸದ ಅವಕಾಶವೂ ಅಲ್ಲಿಗೇ ಮುಗಿಯುತ್ತದೆ.

ಈ ಪ್ರಶ್ನೆಗೆ ನಿಜವಾದ, ಆಧಾರಸಹಿತವಾದ ಉತ್ತರವನ್ನು ವಿದ್ಯಾರ್ಥಿಯು ಓದುತ್ತಿರುವಾಗಲೇ ಸಿದ್ಧಪಡಿಸಿಕೊಳ್ಳುವುದನ್ನು ಉದ್ಯೋಗ ವಲಯದಲ್ಲಿ 'ಪರ್ಸನಲ್ ಬ್ರ್ಯಾಂಡ್' ಅಥವಾ ವೈಯಕ್ತಿಕ ಗುರುತು ಎಂದು ಕರೆಯಲಾಗುತ್ತಿದೆ. ಇದು ನಗರದ ಕಾಲೇಜುಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಇದರ ಅಗತ್ಯ ಹೆಚ್ಚಾಗಿರುವುದು ಹಳ್ಳಿಯ ವಿದ್ಯಾರ್ಥಿಗಳಿಗೆ.

ಪಾಠದ ಉದ್ದೇಶಗಳು

ಈ ಪಾಠವನ್ನು ಅಧ್ಯಯನ ಮಾಡಿದ ಸದಸ್ಯರು:
(ಅ) ವೈಯಕ್ತಿಕ ಗುರುತು ಎಂದರೇನು ಎಂಬುದನ್ನು ವಿದ್ಯಾರ್ಥಿಗಳಿಗೂ ಪೋಷಕರಿಗೂ ಸರಳವಾಗಿ ವಿವರಿಸಬಲ್ಲವರಾಗುವರು;
(ಆ) ವಿದ್ಯಾರ್ಥಿಯು ಸಿದ್ಧಪಡಿಸಿಕೊಳ್ಳಬೇಕಾದ ಅಂಶಗಳನ್ನು ತಿಳಿಯುವರು;
(ಇ) ಉಪಯುಕ್ತವಾದ ಶಿಫಾರಸು ಪತ್ರವನ್ನು ನೀಡುವ ಕ್ರಮವನ್ನು ಅರಿಯುವರು.

1. 'ಬ್ರ್ಯಾಂಡ್' ಎಂಬ ಪದದ ಹಿನ್ನೆಲೆ

'ಬ್ರ್ಯಾಂಡ್' ಎಂಬ ಇಂಗ್ಲಿಷ್ ಪದದ ಮೂಲದಲ್ಲಿ ಬೆಂಕಿಯಿದೆ. ಕಾಯಿಸಿದ ಕಬ್ಬಿಣದಿಂದ ದನಕರುಗಳ ಮೈಮೇಲೆ ಹಾಕುತ್ತಿದ್ದ ಮುದ್ರೆಗೆ ಆ ಹೆಸರಿತ್ತು. ಹಿಂಡಿನಲ್ಲಿ ಬೆರೆತ ದನ ಯಾರದೆಂದು ಗುರುತಿಸುವುದಕ್ಕೆ ಆ ಮುದ್ರೆ ನೆರವಾಗುತ್ತಿತ್ತು. ಮುಂದೆ ಅದೇ ಪದ ಸರಕುಗಳಿಗೆ ಅನ್ವಯವಾಯಿತು. ಬ್ಯಾಡಗಿ ಮೆಣಸಿನಕಾಯಿ, ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ ಎಂದಾಕ್ಷಣ, ಬೆಳೆದವರ ಅಥವಾ ತಯಾರಿಸಿದವರ ಮುಖವನ್ನೇ ನೋಡಿರದ ಗ್ರಾಹಕನಿಗೂ ಏನು ನಿರೀಕ್ಷಿಸಬಹುದು ಎಂಬುದು ತಿಳಿಯುತ್ತದೆ.

ಈ ಕಲ್ಪನೆಯನ್ನು ದುಡಿಯುವ ವ್ಯಕ್ತಿಗೆ ಅನ್ವಯಿಸಿ ಜನಪ್ರಿಯಗೊಳಿಸಿದವರು ಅಮೆರಿಕದ ನಿರ್ವಹಣಾ ಲೇಖಕ ಟಾಮ್ ಪೀಟರ್ಸ್. ಅವರು 1997ರಲ್ಲಿ ಬರೆದ ಒಂದು ಪತ್ರಿಕಾ ಲೇಖನದಿಂದ ಈ ಮಾತು ಬಳಕೆಗೆ ಬಂದಿತು. ಅಲ್ಲಿಂದ ಮುಂದೆ ಅದಕ್ಕೆ ಜಾಹೀರಾತಿನ ಬಣ್ಣವೂ ಸಾಕಷ್ಟು ಅಂಟಿಕೊಂಡಿದೆ. ಆ ಬಣ್ಣವನ್ನು ಒರೆಸಿ ನೋಡಿದರೆ ಉಳಿಯುವ ತಿರುಳು ಇಷ್ಟು: ಪರಿಚಯವಿಲ್ಲದ ಒಬ್ಬರು ವಿದ್ಯಾರ್ಥಿಯ ಹೆಸರನ್ನು ಕೇಳಿದಾಗ ಅವರಿಗೆ ಆತನ ಬಗ್ಗೆ ತಿಳಿಯುವ ಸತ್ಯಾಂಶಗಳೇ ಆತನ ವೈಯಕ್ತಿಕ ಗುರುತು.

2. ಊರಿನ ಹೆಸರು ಊರಾಚೆ ಏಕೆ ತಲುಪುವುದಿಲ್ಲ?

ಹಳ್ಳಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಹೆಸರಿರುತ್ತದೆ. ಯಾರ ಮಗ ಮೋಟಾರ್ ಕೆಟ್ಟರೆ ರಾತ್ರಿಯಾದರೂ ಬಂದು ಸರಿಪಡಿಸುತ್ತಾನೆ, ಯಾರ ಮಗಳು ಸಂಘದ ಲೆಕ್ಕವನ್ನು ಪೈಸೆ ತಪ್ಪದಂತೆ ಬರೆಯುತ್ತಾಳೆ ಎಂಬುದು ಊರಿಗೆಲ್ಲ ಗೊತ್ತು. ಇದನ್ನು ಯಾರೂ ಬರೆದಿಡುವುದಿಲ್ಲ, ಬರೆದಿಡುವ ಅಗತ್ಯ ಊರೊಳಗೆ ಬೀಳುವುದೂ ಇಲ್ಲ. ಆದರೆ ಅದೇ ಹುಡುಗ ಪೀಣ್ಯದ ಕಾರ್ಖಾನೆಯೊಂದರ ಬಾಗಿಲಲ್ಲಿ ನಿಂತಾಗ ಊರಿನ ಮಾತು ಅಲ್ಲಿಗೆ ತಲುಪಿರುವುದಿಲ್ಲ. ಅಲ್ಲಿ ಆತ ಒಂದು ಅಂಕಪಟ್ಟಿ ಮಾತ್ರ. ಅಂಕ ಸಾಧಾರಣವಾಗಿದ್ದರೆ ಆತನ ಅರ್ಜಿ ನೂರಾರು ಅರ್ಜಿಗಳ ನಡುವೆ ಸೇರಿಹೋಗುತ್ತದೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿ ಇನ್ನೊಂದು ಬಗೆಯಲ್ಲಿಯೂ ನಿಜವಾಗುತ್ತದೆ. ಹಳ್ಳಿಯ ವಿದ್ಯಾರ್ಥಿಗಳು ತಾವು ನಿತ್ಯ ಮಾಡುವ ಕೆಲಸವನ್ನು ಕೌಶಲವೆಂದೇ ಎಣಿಸುವುದಿಲ್ಲ. ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಪ್ರತಿದಿನ ಬೆಳಿಗ್ಗೆ ಹಾಲಿನ ಅಳತೆ ಮತ್ತು ಕೊಬ್ಬಿನಂಶವನ್ನು ದಾಖಲಿಸಲು ನೆರವಾಗುವ ವಿದ್ಯಾರ್ಥಿನಿಯನ್ನು "ಅನುಭವವೇನಿದೆ?" ಎಂದು ಕೇಳಿದರೆ "ಏನೂ ಇಲ್ಲ" ಎಂದು ಉತ್ತರಿಸುತ್ತಾಳೆ. ಆದರೆ ನಿಗದಿತ ಸಮಯಕ್ಕೆ ಹಾಜರಾಗುವುದು, ಅಳತೆಯಲ್ಲಿ ತಪ್ಪದಿರುವುದು, ಹಣದ ವಿಷಯದಲ್ಲಿ ಹತ್ತಾರು ಜನರ ವಿಶ್ವಾಸ ಉಳಿಸಿಕೊಳ್ಳುವುದು ಇವೆಲ್ಲವೂ ಯಾವುದೇ ಕಚೇರಿಯು ಹುಡುಕುವ ಗುಣಗಳೇ ಆಗಿವೆ. ಇವನ್ನು ಆಕೆಯ ಗಮನಕ್ಕೆ ತರಬಲ್ಲವರು ಆಕೆಯನ್ನು ನಿತ್ಯ ನೋಡುವ ಊರಿನವರೇ.

3. ಆತ್ಮಪ್ರಶಂಸೆ ಬೇರೆ, ದಾಖಲೆ ಬೇರೆ

ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದು ಸಭ್ಯತೆಯಲ್ಲ ಎಂಬ ಸಂಸ್ಕಾರ ನಮ್ಮ ಮನೆಗಳಲ್ಲಿ ಆಳವಾಗಿದೆ. ಮಹಾಭಾರತದ ಕರ್ಣಪರ್ವದಲ್ಲಿ ಅಣ್ಣನಾದ ಧರ್ಮರಾಯನನ್ನು ನಿಂದಿಸಿದ ಪಶ್ಚಾತ್ತಾಪದಿಂದ ಪ್ರಾಣತ್ಯಾಗಕ್ಕೆ ಮುಂದಾದ ಅರ್ಜುನನಿಗೆ, ತನ್ನನ್ನು ತಾನೇ ಹೊಗಳಿಕೊಳ್ಳುವುದು ಪ್ರಾಣತ್ಯಾಗಕ್ಕೆ ಸಮಾನವೆಂದು ಶ್ರೀಕೃಷ್ಣನು ಸೂಚಿಸುವ ಪ್ರಸಂಗ ಬಹುಜನರಿಗೆ ತಿಳಿದಿದೆ. ಈ ಸಂಸ್ಕಾರದಿಂದಾಗಿಯೇ ಸಂದರ್ಶನದಲ್ಲಿ ಎಷ್ಟೋ ವಿದ್ಯಾರ್ಥಿಗಳು ತಲೆ ತಗ್ಗಿಸಿ ಕುಳಿತುಬಿಡುತ್ತಾರೆ.

ಈ ಸಂಕೋಚವನ್ನು ಕೀಳಾಗಿ ಕಾಣಬೇಕಾದ ಅಗತ್ಯವಿಲ್ಲ. ಅದಕ್ಕೆ ಸರಿಯಾದ ದಾರಿ ತೋರಿಸಿದರೆ ಸಾಕು. "ನಾನು ಬಹಳ ಪರಿಶ್ರಮಿ" ಎಂಬುದು ಪ್ರಶಂಸೆ. "ಕಳೆದ ಬೇಸಿಗೆ ರಜೆಯಲ್ಲಿ 45 ದಿನ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡಿದ್ದೇನೆ" ಎಂಬುದು ದಾಖಲೆ. ಮೊದಲನೆಯದನ್ನು ಯಾರು ಬೇಕಾದರೂ ಹೇಳಬಹುದು. ಎರಡನೆಯದನ್ನು ಕೆಲಸ ಮಾಡಿದವನು ಮಾತ್ರ ಹೇಳಬಹುದು, ಕೇಳಿದವರು ಅಂಗಡಿಯ ಮಾಲೀಕರನ್ನು ವಿಚಾರಿಸಿ ಖಚಿತಪಡಿಸಿಕೊಳ್ಳಲೂಬಹುದು. ಗುಣವಾಚಕಗಳನ್ನು ಬಿಟ್ಟು ಮಾಡಿದ ಕೆಲಸವನ್ನು ಹೇಳುವ ಅಭ್ಯಾಸವಾದರೆ ವಿನಯಕ್ಕೂ ಭಂಗವಿಲ್ಲ, ಉದ್ಯೋಗದಾತರಿಗೂ ಬೇಕಾದ ಉತ್ತರ ದೊರೆಯುತ್ತದೆ.

4. ವಿದ್ಯಾರ್ಥಿಯು ಸಿದ್ಧಪಡಿಸಿಕೊಳ್ಳಬೇಕಾದ ಅಂಶಗಳು

4.1 ಒಂದೇ ಹೆಸರು, ಒಂದೇ ದೂರವಾಣಿ ಸಂಖ್ಯೆ: ವೈಯಕ್ತಿಕ ಗುರುತು ಅಕ್ಷರಶಃ ಹೆಸರಿನಿಂದಲೇ ಆರಂಭವಾಗುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಬೇರೆ ಕಾಗುಣಿತ ಇರುವುದು ಸಾಮಾನ್ಯ. ಇಂತಹ ವ್ಯತ್ಯಾಸ ಕೆಲಸಕ್ಕೆ ಸೇರುವ ದಿನ ದಾಖಲೆ ಪರಿಶೀಲನೆಯಲ್ಲಿ ಅಡ್ಡಿಯಾಗುತ್ತದೆ. ಓದುತ್ತಿರುವಾಗಲೇ ಇದನ್ನು ಸರಿಪಡಿಸಿಕೊಳ್ಳುವುದು ಸೂಕ್ತ. ಅಂತೆಯೇ, ರೀಚಾರ್ಜ್ ಮುಗಿದಾಗಲೆಲ್ಲ ಸಿಮ್ ಬದಲಿಸುವ ವಿದ್ಯಾರ್ಥಿಗೆ ಸಂದರ್ಶನದ ಕರೆ ತಲುಪುವುದೇ ಇಲ್ಲ. ಅರ್ಜಿಯಲ್ಲಿ ಬರೆದ ಸಂಖ್ಯೆಯನ್ನು ಕನಿಷ್ಠ ಉದ್ಯೋಗ ದೊರೆಯುವವರೆಗಾದರೂ ಚಾಲ್ತಿಯಲ್ಲಿಡಬೇಕು. ತಮಾಷೆಯ ಅಡ್ಡಹೆಸರುಗಳಿಲ್ಲದ, ಸ್ವಂತ ಹೆಸರಿನ ಇಮೇಲ್ ವಿಳಾಸವೊಂದು ಇರಬೇಕು.

4.2 ಕೆಲಸದ ನೋಟ್‌ಬುಕ್: ಇದು ಈ ಪಾಠದ ಅತಿ ಮುಖ್ಯ ಅಂಶ. ಇನ್ನೂರು ಪುಟದ ಸಾಮಾನ್ಯ ನೋಟ್‌ಬುಕ್ ಸಾಕು. ಮಾಡಿದ ಪ್ರತಿ ಕೆಲಸದ ದಿನಾಂಕ, ಸ್ಥಳ, ಏನು ಮಾಡಿದ್ದು, ಎಷ್ಟು ಮಾಡಿದ್ದು, ಯಾರು ನೋಡಿದ್ದು ಎಂಬ ಐದು ವಿವರಗಳನ್ನು ಅಂದೇ ಬರೆದಿಡಬೇಕು. ಮನೆಯ ಬೋರ್‌ವೆಲ್ ಪಂಪ್ ದುರಸ್ತಿ, ಗಣೇಶೋತ್ಸವ ಸಮಿತಿಯ ಖರ್ಚಿನ ಲೆಕ್ಕ, ಅಂಗನವಾಡಿಯ ಗೋಡೆಚಿತ್ರ, ಕಿರಿಯ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟ ಗಣಿತ ಇವೆಲ್ಲವೂ ಬರೆಯಲು ಯೋಗ್ಯವಾದವು. ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರಿಗೆ ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳ ಸೇವೆ ಹಾಗೂ ಏಳು ದಿನಗಳ ವಿಶೇಷ ಶಿಬಿರ ಇರುತ್ತದೆ. "ಶಿಬಿರದಲ್ಲಿ ಭಾಗವಹಿಸಿದೆ" ಎಂದಷ್ಟೇ ಬರೆದರೆ ಅದರಿಂದ ಏನೂ ತಿಳಿಯದು. ಏಳು ದಿನಗಳಲ್ಲಿ ತಾನು ಮಾಡಿದ್ದೇನು ಎಂದು ಬರೆದರೆ ಓದುವವರಿಗೆ ವ್ಯಕ್ತಿ ಕಾಣಿಸುತ್ತಾನೆ.

4.3 ಒಂದು ಪುಟದ ಸ್ವವಿವರ: ಹೊಸದಾಗಿ ಉದ್ಯೋಗಕ್ಕೆ ಬರುವವರಿಗೆ ಒಂದು ಪುಟದ ಸ್ವವಿವರ, ಅಂದರೆ ಬಯೋಡೇಟಾ, ಸಾಕು. ಜೆರಾಕ್ಸ್ ಅಂಗಡಿಯಲ್ಲಿ ದೊರೆಯುವ ಸಿದ್ಧ ಮಾದರಿಯಲ್ಲಿ ಹೆಸರು ಮಾತ್ರ ಬದಲಿಸಿ ತರುವ ಸ್ವವಿವರಗಳಲ್ಲಿ ಎಲ್ಲರ ಹವ್ಯಾಸವೂ ಕ್ರಿಕೆಟ್ ಮತ್ತು ಸಂಗೀತ, ಎಲ್ಲರ ಗುಣವೂ ಪ್ರಾಮಾಣಿಕತೆ. ಅದರ ಬದಲು ನೋಟ್‌ಬುಕ್‌ನಿಂದ ಆಯ್ದ ನಾಲ್ಕೈದು ಸಾಲುಗಳು ಇರಲಿ. ಉದಾಹರಣೆಗೆ, ಐಟಿಐ ಎಲೆಕ್ಟ್ರಿಷಿಯನ್ ವಿದ್ಯಾರ್ಥಿಯೊಬ್ಬನು "ವಿದ್ಯುತ್ ಕೆಲಸದಲ್ಲಿ ಆಸಕ್ತಿ ಇದೆ" ಎಂದು ಬರೆಯುವ ಬದಲು "5 ಎಚ್‌ಪಿ ಮತ್ತು 7.5 ಎಚ್‌ಪಿ ಸಬ್‌ಮರ್ಸಿಬಲ್ ಮೋಟಾರ್‌ಗಳ ರಿವೈಂಡಿಂಗ್‌ನಲ್ಲಿ ಸಹಾಯಕನಾಗಿ ಕೆಲಸ, ಸ್ಟಾರ್ಟರ್ ದೋಷಗಳನ್ನು ಸ್ವತಂತ್ರವಾಗಿ ಪತ್ತೆ ಮಾಡಬಲ್ಲೆನು" ಎಂದು ಬರೆಯಬಹುದು. ತಾನು ಸಹಾಯಕನಾಗಿದ್ದೆ ಎಂಬುದನ್ನು ಮುಚ್ಚಿಡದಿರುವುದೇ ಉಳಿದ ಮಾತುಗಳಿಗೆ ಬೆಲೆ ತರುತ್ತದೆ.

4.4 ಆಧಾರಗಳು: ಮಾಡಿದ ಕೆಲಸದ ಛಾಯಾಚಿತ್ರ, ಸಿದ್ಧಪಡಿಸಿದ ಲೆಕ್ಕಪಟ್ಟಿಯ ಮಾದರಿ, ಹೊಲಿದ ಉಡುಪು, ಬರೆದ ಲೇಖನ ಮುಂತಾದವನ್ನು ಒಂದು ಕಡತದಲ್ಲಿ ಇಡಬೇಕು. ಸಂಘ ಸಂಸ್ಥೆಗಳ ಲೆಕ್ಕವಾಗಿದ್ದಲ್ಲಿ ಸದಸ್ಯರ ಹೆಸರು, ಸಾಲದ ವಿವರಗಳನ್ನು ಮರೆಮಾಡುವುದು ಕಡ್ಡಾಯ. ಅಂಕಪಟ್ಟಿ ಮೊದಲಾದ ದಾಖಲೆಗಳಿಗೆ 2015ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಡಿಜಿಲಾಕರ್ ಸೌಲಭ್ಯವನ್ನು ಬಳಸಿಕೊಂಡರೆ ಮೂಲಪ್ರತಿ ಕಳೆಯುವ ಭಯ ಕಡಿಮೆಯಾಗುತ್ತದೆ.

4.5 ಜಾಲತಾಣದ ಗುರುತು: ಲಿಂಕ್ಡ್‌ಇನ್‌ನಂತಹ ಉದ್ಯೋಗ ಸಂಬಂಧಿ ತಾಣದಲ್ಲಿ ಖಾತೆ ತೆರೆಯುವುದು ಉಚಿತ. 2015ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ರಾಷ್ಟ್ರೀಯ ವೃತ್ತಿ ಸೇವೆ ಪೋರ್ಟಲ್‌ನಲ್ಲಿಯೂ ಉದ್ಯೋಗಾಕಾಂಕ್ಷಿಗಳು ಶುಲ್ಕವಿಲ್ಲದೆ ನೋಂದಾಯಿಸಿಕೊಳ್ಳಬಹುದು. ಖಾತೆ ತೆರೆದು ಖಾಲಿ ಬಿಟ್ಟರೆ ಪ್ರಯೋಜನವಿಲ್ಲ. ಸ್ವವಿವರದಲ್ಲಿರುವ ಅದೇ ಸತ್ಯಾಂಶಗಳು ಅಲ್ಲಿಯೂ ಇರಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಸಾರ್ವಜನಿಕವಾಗಿ ಹಾಕಿದ ಬೈಗುಳ, ಜಾತಿನಿಂದನೆ, ಅಪಹಾಸ್ಯಗಳು ವರ್ಷಗಳ ನಂತರವೂ ಉದ್ಯೋಗದಾತರ ಕಣ್ಣಿಗೆ ಬೀಳಬಹುದು.

5. ದೂರದ ಪರಿಚಯದ ಬಲ

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅವರು ಬಾಸ್ಟನ್ ನಗರದ ಬಳಿಯ ನ್ಯೂಟನ್ ಎಂಬ ಊರಿನಲ್ಲಿ ಉದ್ಯೋಗ ಬದಲಿಸಿದವರನ್ನು ಅಧ್ಯಯನ ಮಾಡಿ 1973ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಪರಿಚಯದವರ ಮೂಲಕ ಕೆಲಸದ ಸುಳಿವು ಪಡೆದವರಲ್ಲಿ, ಆ ಪರಿಚಯದವರನ್ನು ಪದೇ ಪದೇ ಭೇಟಿಯಾಗುತ್ತಿದ್ದವರ ಪ್ರಮಾಣ ಸುಮಾರು ಶೇ. 17 ಮಾತ್ರ. ಉಳಿದವರಿಗೆಲ್ಲ ಸುಳಿವು ದೊರೆತದ್ದು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಭೇಟಿಯಾಗುವವರಿಂದ. ಕಾರಣ ಸರಳವಾಗಿದೆ. ಹತ್ತಿರದವರಿಗೆ ಗೊತ್ತಿರುವ ಸುದ್ದಿ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ವಲಯದಲ್ಲಿ ಓಡಾಡುವವರಿಂದ.

ಅದು ಬೇರೆ ದೇಶದ, ಬೇರೆ ಕಾಲದ ಅಧ್ಯಯನವಾದರೂ ಇಲ್ಲಿ ಯೋಚಿಸತಕ್ಕ ಅಂಶವಿದೆ. ಹಳ್ಳಿಯ ವಿದ್ಯಾರ್ಥಿಗೆ ಹತ್ತಿರದ ಬಂಧಗಳು ಬಹಳ, ದೂರದ ಪರಿಚಯಗಳು ವಿರಳ. ಗ್ರಾಮ ಪಂಚಾಯಿತಿ ಸದಸ್ಯರ ಸ್ಥಿತಿ ಇದಕ್ಕೆ ಭಿನ್ನ. ತಾಲ್ಲೂಕು ಕಚೇರಿ, ಸಹಕಾರ ಸಂಘ, ಬ್ಯಾಂಕ್ ಶಾಖೆ, ಗುತ್ತಿಗೆದಾರರು, ಪಕ್ಕದ ಪಂಚಾಯಿತಿಗಳ ಪ್ರತಿನಿಧಿಗಳು ಹೀಗೆ ಅವರ ಪರಿಚಯದ ವ್ಯಾಪ್ತಿ ದೊಡ್ಡದು. ಊರಿನಿಂದ ಹೋಗಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ನೆಲೆಸಿ ಹಬ್ಬ ಜಾತ್ರೆಗಳಿಗೆ ಮಾತ್ರ ಬರುವವರೂ ಇಂತಹ ದೂರದ ಪರಿಚಯಗಳೇ. ಜಾತ್ರೆಗೆ ಬಂದವರಿಂದ ದೇಣಿಗೆ ಕೇಳುವುದು ರೂಢಿ. ಅದೇ ಸಂದರ್ಭದಲ್ಲಿ ಅವರ ಅರ್ಧ ಗಂಟೆಯನ್ನು ಊರಿನ ವಿದ್ಯಾರ್ಥಿಗಳಿಗಾಗಿ ಕೇಳುವ ರೂಢಿಯೂ ಬರಬೇಕು.

6. ಸದಸ್ಯರು ನೀಡುವ ಪತ್ರ

ಸದಸ್ಯರು ತಮ್ಮ ಲೆಟರ್‌ಹೆಡ್‌ನಲ್ಲಿ ನೀಡುವ ಪತ್ರಗಳು ಹೆಚ್ಚಾಗಿ ಈ ಮಾದರಿಯಲ್ಲಿರುತ್ತವೆ:

"ಇವರು ನಮ್ಮ ಗ್ರಾಮದ ಖಾಯಂ ನಿವಾಸಿಯಾಗಿದ್ದು ನನಗೆ ಬಾಲ್ಯದಿಂದಲೂ ಪರಿಚಿತರಾಗಿರುತ್ತಾರೆ. ಇವರ ನಡತೆ ಉತ್ತಮವಾಗಿರುತ್ತದೆ. ಇವರಿಗೆ ಸೂಕ್ತ ಉದ್ಯೋಗ ನೀಡಬೇಕಾಗಿ ಕೋರುತ್ತೇನೆ."

ಇದನ್ನು ಓದಿದವರಿಗೆ ವಿದ್ಯಾರ್ಥಿಯ ಬಗ್ಗೆ ಏನೂ ತಿಳಿಯುವುದಿಲ್ಲ. ಇದಕ್ಕೆ ಬದಲಾಗಿ ಮುಂದಿನ ಮಾದರಿಯನ್ನು ಅನುಸರಿಸಬಹುದು:

"ಇವರು ಬಿ.ಕಾಂ. ಅಂತಿಮ ವರ್ಷದಲ್ಲಿ ಓದುತ್ತಿರುವಾಗ ನಮ್ಮ ಗ್ರಾಮದ ಮಹಿಳಾ ಸ್ವಸಹಾಯ ಸಂಘದ ನಗದು ಪುಸ್ತಕವನ್ನು ಹತ್ತು ತಿಂಗಳು ಬರೆದಿರುತ್ತಾರೆ. ವಾರದ ಸಭೆ ಮುಗಿದ ದಿನವೇ ಲೆಕ್ಕ ತಾಳೆ ಮಾಡುತ್ತಿದ್ದುದನ್ನು ನಾನು ನೋಡಿದ್ದೇನೆ. ಹೆಚ್ಚಿನ ಮಾಹಿತಿಯನ್ನು ಸಂಘದ ಅಧ್ಯಕ್ಷರಿಂದ ಪಡೆಯಬಹುದು."

ಎರಡನೆಯ ಪತ್ರದಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ, ಆದರೆ ಭರವಸೆ ಮೂಡುತ್ತದೆ. ಪತ್ರ ನೀಡುವಾಗ ಮೂರು ನಿಯಮಗಳನ್ನು ಪಾಲಿಸುವುದು ಒಳಿತು. ಒಂದು, ಸ್ವತಃ ನೋಡಿದ್ದನ್ನು ಅಥವಾ ವಿಚಾರಿಸಿ ಖಚಿತಪಡಿಸಿಕೊಂಡಿದ್ದನ್ನು ಮಾತ್ರ ಬರೆಯಬೇಕು. ಎರಡು, ಯಾವ ಕೇರಿಯ, ಯಾವ ಬಣದ ಮನೆಯ ವಿದ್ಯಾರ್ಥಿ ಬಂದರೂ ಅಳತೆಗೋಲು ಒಂದೇ ಆಗಿರಬೇಕು. ಮೂರು, ಮಾಡದ ಕೆಲಸವನ್ನು ದಾಕ್ಷಿಣ್ಯಕ್ಕಾಗಿ ಬರೆಯಬಾರದು. ಒಂದು ಸುಳ್ಳು ಪತ್ರ ಬಯಲಾದರೆ ಅದೇ ಊರಿನಿಂದ ಮುಂದೆ ಹೋಗುವ ನಿಜವಾದ ಪತ್ರಗಳೂ ಬೆಲೆ ಕಳೆದುಕೊಳ್ಳುತ್ತವೆ; ಅದರ ನಷ್ಟವನ್ನು ಅನುಭವಿಸುವವರು ಏನೂ ತಪ್ಪು ಮಾಡದ ಮುಂದಿನ ವರ್ಷದ ವಿದ್ಯಾರ್ಥಿಗಳು.

7. ಮಿತಿಗಳು ಮತ್ತು ಎಚ್ಚರಿಕೆಗಳು

(ಅ) ಸ್ಪರ್ಧಾತ್ಮಕ ಪರೀಕ್ಷೆಗಳ ಮೂಲಕ ನಡೆಯುವ ಸರ್ಕಾರಿ ನೇಮಕಾತಿಯಲ್ಲಿ ಅಂಕ, ಅರ್ಹತೆ ಮತ್ತು ಮೀಸಲಾತಿ ನಿಯಮಗಳೇ ನಿರ್ಣಾಯಕ. ಅಲ್ಲಿ ಶಿಫಾರಸು ಪತ್ರಕ್ಕಾಗಲಿ, ಜಾಲತಾಣದ ಖಾತೆಗಾಗಲಿ ಸ್ಥಾನವಿಲ್ಲ ಎಂಬುದನ್ನು ಪೋಷಕರಿಗೆ ಸ್ಪಷ್ಟವಾಗಿ ತಿಳಿಸಬೇಕು.

(ಆ) ಕೆಲಸ ಕೊಡಿಸುವುದಾಗಿ ಮುಂಗಡ ಹಣ, ನೋಂದಣಿ ಶುಲ್ಕ ಅಥವಾ ಒಟಿಪಿ ಕೇಳುವವರನ್ನು ನಂಬಬಾರದು. ಹಣ ಕಳೆದುಕೊಂಡವರು ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

(ಇ) ವಿದ್ಯಾರ್ಥಿಗಳ, ವಿಶೇಷವಾಗಿ ವಿದ್ಯಾರ್ಥಿನಿಯರ, ಭಾವಚಿತ್ರ ಹಾಗೂ ದೂರವಾಣಿ ಸಂಖ್ಯೆಗಳನ್ನು ಅವರ ಒಪ್ಪಿಗೆಯಿಲ್ಲದೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಬಾರದು.

(ಈ) ಚುನಾವಣೆಯ ಸಮಯದಲ್ಲಿ ವಿದ್ಯಾರ್ಥಿಗಳ ಖಾತೆಗಳನ್ನು ಬಣಗಳ ಪ್ರಚಾರಕ್ಕೆ, ಎದುರಾಳಿಯ ನಿಂದನೆಗೆ ಬಳಸಿಕೊಳ್ಳುವುದು ಕಂಡುಬರುತ್ತದೆ. ಚುನಾವಣೆ ಮುಗಿದ ಮೇಲೆ ಹಿರಿಯರು ರಾಜಿಯಾಗುತ್ತಾರೆ. ಬರೆದ ಮಾತು ಮಾತ್ರ ಹುಡುಗನ ಹೆಸರಿನಲ್ಲಿ ಉಳಿಯುತ್ತದೆ. ಇದನ್ನು ತಡೆಯುವುದು ಸದಸ್ಯರ ಕೈಯಲ್ಲಿಯೇ ಇದೆ.

8. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕೈಗೊಳ್ಳಬಹುದಾದ ಕ್ರಮಗಳು

ಇವುಗಳಲ್ಲಿ ಹೆಚ್ಚಿನವಕ್ಕೆ ಪ್ರತ್ಯೇಕ ಅನುದಾನದ ಅಗತ್ಯವಿಲ್ಲ.

• ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ತಿಂಗಳಿಗೊಂದು ದಿನ 'ಸ್ವವಿವರ ದಿನ' ಆಚರಿಸಿ, ಊರಿನ ಶಿಕ್ಷಕರು ಅಥವಾ ಉದ್ಯೋಗಸ್ಥರಿಂದ ವಿದ್ಯಾರ್ಥಿಗಳ ಸ್ವವಿವರಗಳನ್ನು ತಿದ್ದಿಸುವುದು.
• ಅಂತಿಮ ವರ್ಷದಲ್ಲಿ ಓದುತ್ತಿರುವವರ ಪಟ್ಟಿಯನ್ನು ವಾರ್ಡ್‌ವಾರು ಸಿದ್ಧಪಡಿಸಿ, ಪ್ರತಿಯೊಬ್ಬರಿಗೂ ಕೆಲಸದ ನೋಟ್‌ಬುಕ್ ಆರಂಭಿಸಲು ತಿಳಿಸುವುದು.
• ಊರಿನಿಂದ ಹೊರಗೆ ಉದ್ಯೋಗದಲ್ಲಿರುವವರ ಪಟ್ಟಿಯನ್ನು ಅವರ ಒಪ್ಪಿಗೆ ಪಡೆದು ತಯಾರಿಸುವುದು, ಹಬ್ಬಕ್ಕೆ ಬಂದಾಗ ವಿದ್ಯಾರ್ಥಿಗಳೊಂದಿಗೆ ಮಾತುಕತೆ ಏರ್ಪಡಿಸುವುದು.
• ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯ ಉದ್ಯೋಗ ಮೇಳಗಳ ಪ್ರಕಟಣೆಯನ್ನು ಪಂಚಾಯಿತಿ ಫಲಕದಲ್ಲಿ ಹಾಕುವುದು.
• ಯುವನಿಧಿ ಯೋಜನೆಯಡಿ ಪದವೀಧರರಿಗೆ ಮಾಸಿಕ 3000 ರೂ., ಡಿಪ್ಲೊಮಾ ಪಡೆದವರಿಗೆ 1500 ರೂ. ನೆರವು ಗರಿಷ್ಠ ಎರಡು ವರ್ಷ ಮಾತ್ರ ದೊರೆಯುತ್ತದೆ. ಆ ಅವಧಿಯಲ್ಲಿ ಯಾವುದಾದರೊಂದು ಕೌಶಲ ಕಲಿತು ದಾಖಲಿಸಿಕೊಳ್ಳುವಂತೆ ಫಲಾನುಭವಿಗಳಿಗೆ ಮನವರಿಕೆ ಮಾಡುವುದು.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ವಾರ್ಡಿನಲ್ಲಿ ಈ ವರ್ಷ ಓದು ಮುಗಿಸುವ ವಿದ್ಯಾರ್ಥಿಗಳು ಎಷ್ಟು ಮಂದಿ? ಅವರಲ್ಲಿ ಎಷ್ಟು ಮಂದಿಗೆ ಏನು ಕೆಲಸ ಬರುತ್ತದೆ ಎಂಬುದು ಸದಸ್ಯರಿಗೆ ತಿಳಿದಿದೆ?
2. ಕಳೆದ ಒಂದು ವರ್ಷದಲ್ಲಿ ನೀಡಿದ ಶಿಫಾರಸು ಪತ್ರಗಳಲ್ಲಿ ವಿದ್ಯಾರ್ಥಿಯು ಮಾಡಿದ ಕೆಲಸದ ಉಲ್ಲೇಖವಿದ್ದ ಪತ್ರಗಳೆಷ್ಟು?
3. ಶಿಫಾರಸು ಕೇಳಲು ಸದಸ್ಯರ ಮನೆಗೆ ಬರಲು ಹಿಂಜರಿಯುವ ಕುಟುಂಬಗಳ ವಿದ್ಯಾರ್ಥಿಗಳನ್ನು ತಲುಪುವುದು ಹೇಗೆ?

ಮುಕ್ತಾಯ

ಮೂರನೆಯ ಪ್ರಶ್ನೆಯ ಮೇಲೆ ಸಭೆಯು ಹೆಚ್ಚು ಸಮಯ ವಿನಿಯೋಗಿಸುವುದು ಅಪೇಕ್ಷಣೀಯ. ಬಾಗಿಲಿಗೆ ಬಂದವರಿಗೆ ನೆರವಾಗುವುದು ಸುಲಭ. ತಂದೆ ತಾಯಿ ಕೂಲಿಗೆ ಹೋಗುವ, ಮನೆಯಲ್ಲಿ ಮೊದಲ ಬಾರಿಗೆ ಪದವಿ ಕಂಡ ವಿದ್ಯಾರ್ಥಿಗೆ ಯಾರನ್ನು ಕೇಳಬೇಕೆಂಬುದೇ ತಿಳಿದಿರುವುದಿಲ್ಲ. ಆತನ ಕೈಕೆಲಸವನ್ನು, ಆಕೆಯ ಲೆಕ್ಕದ ಜಾಣ್ಮೆಯನ್ನು ಕಣ್ಣಾರೆ ಕಂಡವರು ಊರಿನಲ್ಲಿದ್ದಾರೆ. ಕಂಡದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ಸಹಿ ಹಾಕಿಕೊಡುವ ಕೆಲಸಕ್ಕೆ ಸದಸ್ಯರೇ ಮೊದಲಿಗರಾಗಲಿ. ಮುಂದಿನ ಬಾರಿ ದೂರವಾಣಿಯಲ್ಲಿ "ಅವನಿಗೆ ಏನು ಕೆಲಸ ಬರುತ್ತದೆ?" ಎಂಬ ಪ್ರಶ್ನೆ ಬಂದಾಗ ಉತ್ತರ ಸಿದ್ಧವಾಗಿರಲಿ.